ಕತ್ತೂ ಕತ್ತಿಯೂ

ಎರಡು ವರ್ಷಗಳ ಹಿಂದಿನ ಮಾತು. ಕಾಫಿಯ ಕುಯ್ಲು ಮುಗಿದು, ಸಕಲೇಶಪುರ–ಆಲೂರು ಗಡಿಯ ನಮ್ಮ ಗುಡ್ಡಗಳಲ್ಲಿ ಮೆಣಸಿನ ಕುಯ್ಲು ನಡೆಯುತ್ತಿತ್ತು. ದಿನವಿಡೀ ತಲೆಯೆತ್ತಿ ಬಳ್ಳಿ ನೋಡುತ್ತ ನಿಂತಿದ್ದ ನನಗೆ ಒಂದು ಸಂಜೆ ಎಡತೋಳಿನೊಳಗೆ ಕಾದ ಕಂಬಿ ಎಳೆದಂತಾಯಿತು. ನಡುಬೆರಳು ಜೋಮುಗಟ್ಟಿತು. ಎದೆಯ ಬೇನೆಯೆಂದೇ ಮನೆಯವರು ಹೆದರಿ ರಾತ್ರೋರಾತ್ರಿ ಹಾಸನಕ್ಕೆ ಕರೆದೊಯ್ದರು. ಎದೆಗೆ ಏನೂ ಆಗಿರಲಿಲ್ಲ. ಕತ್ತಿನ ಎಂ.ಆರ್.ಐ. ಚಿತ್ರದಲ್ಲಿ ಆರನೆಯ ಮತ್ತು ಏಳನೆಯ ಮಣಿಗಳ ನಡುವಣ ಮೆತ್ತೆ ಹೊರಚಾಚಿ ನರವನ್ನು ಒತ್ತುತ್ತಿತ್ತು. ಒಬ್ಬ ವೈದ್ಯರು ಈ ವಾರವೇ ಶಸ್ತ್ರಚಿಕಿತ್ಸೆ ಆಗಲಿ ಎಂದರು. ಇನ್ನೊಬ್ಬರು ಮೂರು ತಿಂಗಳು ಕಾಯೋಣ ಎಂದರು. ಇಬ್ಬರೂ ಬಲ್ಲವರೇ, ಚಿತ್ರವೂ ಒಂದೇ. ಈ ಎರಡು ತೀರ್ಪುಗಳು ಎಲ್ಲಿಂದ ಬಂದವು ಎಂದು ಹುಡುಕಹೊರಟದ್ದರ ಫಲ ಈ ಬರೆಹ.

ಮೊದಲು ಕತ್ತಿನ ರಚನೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕತ್ತಿನಲ್ಲಿ ಮೂಳೆಯ ಮಣಿಗಳು ಏಳು, ಅಲ್ಲಿಂದ ಹೊರಡುವ ನರಗಳು ಎಂಟು ಜೊತೆ. ಮಣಿಗಳ ನಡುವೆ ಮೆತ್ತೆಗಳುಂಟು. ಹಿಂದೆ, ಕೊಳವೆಯಂಥ ಹಾದಿಯಲ್ಲಿ, ಬೆನ್ನುಹುರಿ ಇಳಿದುಬರುತ್ತದೆ. ಮೆತ್ತೆ ಪಕ್ಕಕ್ಕೆ ಚಾಚಿದರೆ ಒಂದು ನರ ಒತ್ತಿಕೊಂಡು ತೋಳು ನೋಯುತ್ತದೆ. ನೇರ ಹಿಂದಕ್ಕೆ ಚಾಚಿದರೆ ಬೆನ್ನುಹುರಿಯೇ ಒತ್ತಿಕೊಂಡು ಕೈಯ ಜೊತೆಗೆ ಕಾಲೂ ಸೋಲಬಹುದು. ಮೊದಲನೆಯದು ಒಂದು ಮನೆಗೆ ಹೋಗುವ ಕಾಲುವೆ ಕಟ್ಟಿದಂತೆ. ಎರಡನೆಯದು ಊರಿನ ತೂಬೇ ಮುಚ್ಚಿದಂತೆ. ಮುಂದಿನ ಕಥೆಯೆಲ್ಲ ಈ ಭೇದದ ಮೇಲೆ ನಿಂತಿದೆ.

ಕತ್ತಿನ ವಿಷಯದಲ್ಲಿ ತೀರ್ಪು ಕೊಡುವ ಕಷ್ಟ ಇಂದಿನದಲ್ಲ. ಕ್ರಿಸ್ತಪೂರ್ವ ೧೬೦೦ರ ಸುಮಾರಿನದೆನ್ನುವ ಈಜಿಪ್ಟಿನ ಒಂದು ವೈದ್ಯಲಿಪಿಯನ್ನು ಎಡ್ವಿನ್ ಸ್ಮಿತ್ ಪಪೈರಸ್ ಎಂದು ಕರೆಯುತ್ತಾರೆ. ಅದು ರೋಗಗಳಿಗೆ ಮೂರೇ ತೀರ್ಪು ಕೊಡುತ್ತದೆ: ವಾಸಿಮಾಡತಕ್ಕದ್ದು, ಹೋರಾಡಿ ನೋಡತಕ್ಕದ್ದು, ಕೈಹಾಕಬಾರದ್ದು. ಕತ್ತಿನ ಮಣಿ ಜಾರಿ ಕೈಕಾಲು ಸತ್ತವನನ್ನು ಅದು ಮೂರನೆಯ ಗುಂಪಿಗೆ ಸೇರಿಸಿದೆ. ನಮ್ಮ ಸುಶ್ರುತಸಂಹಿತೆ ೧೦೭ ಮರ್ಮಗಳನ್ನು ಎಣಿಸಿ, ತಲೆ ಕತ್ತು ಕೂಡುವೆಡೆಯ ಎರಡಕ್ಕೆ ಕೃಕಾಟಿಕವೆಂದು ಹೆಸರಿಟ್ಟು, ಶಸ್ತ್ರ ಹಿಡಿದವನು ಮರ್ಮಗಳನ್ನು ತಪ್ಪಿಸಿ ನಡೆಯಬೇಕೆಂದಿತು. ತೋಳಿನ ಹಿಂಬದಿಯಿಂದ ಬೆರಳವರೆಗೆ ಹಿಡಿದು ತೋಳಿನ ಕೆಲಸವನ್ನೇ ಕೆಡಿಸುವ ರೋಗವನ್ನು ವಿಶ್ವಾಚಿ ಎಂದು ಕರೆದದ್ದೂ ಉಂಟು. ರೋಗ ಕಂಡಿತ್ತು, ಆದರೆ ಬಾಗಿಲು ಮುಚ್ಚಿತ್ತು.

ರೋಗಕ್ಕೆ ಕಾರಣಗಳು ಮಾತ್ರ ನಮ್ಮ ಗುಡ್ಡಗಳಲ್ಲಿ ಎಂದೂ ಕಡಿಮೆಯಾಗಿರಲಿಲ್ಲ. ಟಿಪ್ಪು ೧೭೯೨ರಲ್ಲಿ ನಕ್ಷತ್ರದಾಕಾರದ ಕೋಟೆ ಕಟ್ಟಿಸಿದ ಮಂಜರಾಬಾದಿನ ಸೀಮೆಗೆ ೧೮೪೦ರ ದಶಕದಲ್ಲಿ ಇಂಗ್ಲಿಷರು ಕಾಫಿ ಬೆಳೆಯಲು ಬಂದರು. ಹೇರೆತ್ತು, ಗಾಡಿ ಹೋಗದ ಕಡೆ ಹೊರೆ ಮನುಷ್ಯರ ತಲೆಯೇರುತ್ತಿತ್ತು. ಸೌದೆ, ಹುಲ್ಲು, ಗೊಬ್ಬರದ ಕುಕ್ಕೆ, ಹಣ್ಣಿನ ಮೂಟೆ, ಎಲ್ಲದಕ್ಕೂ ಒಂದು ಸಿಂಬೆ ಸಾಕು. ಹಳೆಯ ದಾರಿಗಳ ಬದಿಯಲ್ಲಿ ಎರಡು ಕಲ್ಲು ನೆಟ್ಟು ಮೇಲೊಂದು ಅಡ್ಡಕಲ್ಲು ಇಡುವ ಪದ್ಧತಿ ನಮ್ಮ ನಾಡಿನಲ್ಲಿತ್ತಷ್ಟೆ. ಹೊತ್ತವರು ಬಗ್ಗದೆ, ಇನ್ನೊಬ್ಬರ ಕೈ ಬೇಡದೆ, ಹೊರೆಯನ್ನು ಅದರ ಮೇಲೆ ಸರಿಸಿ ಉಸಿರು ಬಿಡುತ್ತಿದ್ದರು. ತಲೆಹೊರೆಗೂ ಕತ್ತಿನ ಮಣಿಗಳ ಸವೆತಕ್ಕೂ ನಂಟುಂಟೆಂದು ಆಫ್ರಿಕದ ಘಾನಾ ದೇಶದಲ್ಲಿ ನಡೆದು ೧೯೯೪ರಲ್ಲಿ ಪ್ರಕಟವಾದ ಅಧ್ಯಯನವೊಂದು ಹೇಳಿತು. ಆ ಕಲ್ಲು ನೆಟ್ಟವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮುಚ್ಚಿದ ಬಾಗಿಲನ್ನು ತಟ್ಟಿದವರಲ್ಲಿ ಮೊದಲಿಗರು ಲಂಡನ್ನಿನ ವಿಕ್ಟರ್ ಹಾರ್ಸ್ಲಿ. ೧೮೮೭ರಲ್ಲಿ ಬೆನ್ನುಹುರಿಯನ್ನು ಒತ್ತುತ್ತಿದ್ದ ಗಂಟನ್ನು ತೆಗೆದು ಹೆಸರಾದ ಇವರು, ೧೮೯೨ರಲ್ಲಿ ಪೆಟ್ಟುಬಿದ್ದು ದಿನೇದಿನೇ ಕೈಕಾಲು ಸೋಲುತ್ತಿದ್ದ ಯುವಕನೊಬ್ಬನ ಕತ್ತಿನ ಮಣಿಯನ್ನು ಹಿಂದಿನಿಂದ ಬಿಡಿಸಿ ಬೆನ್ನುಹುರಿಯ ಒತ್ತಡ ಇಳಿಸಿದರು. ಓದುಗರು ಗಮನಿಸಬೇಕಾದದ್ದು ಇಷ್ಟು: ಅಲ್ಲಿ ಕತ್ತಿ ಹಿಡಿದದ್ದು ನೋವಿಗಾಗಿ ಅಲ್ಲ, ಸೋಲಿಗಾಗಿ.

ನೋವಿಗಾಗಿ ಕತ್ತಿ ಬಂದದ್ದು ಆಮೇಲೆ. ಮೆತ್ತೆ ಹರಿದು ನರ ಒತ್ತುವುದೇ ಸೊಂಟ ಕಾಲುಗಳ ನೋವಿಗೆ ಕಾರಣವಾಗಬಲ್ಲದೆಂದು ಅಮೆರಿಕದ ಮಿಕ್ಸ್ಟರ್ ಮತ್ತು ಬಾರ್ ೧೯೩೪ರಲ್ಲಿ ತೋರಿಸಿದರು. ೧೯೪೩ರಲ್ಲಿ ಸೆಮ್ಸ್ ಮತ್ತು ಮರ್ಫಿ ಎಂಬಿಬ್ಬರು ನಾಲ್ವರು ರೋಗಿಗಳ ಕಥೆ ಬರೆದರು: ಎಲ್ಲರದೂ ಹೃದಯದ ಬೇನೆಯಂತೆ ಕಂಡಿತ್ತು, ನಿಜದಲ್ಲಿ ಅದು ಕತ್ತಿನ ಏಳನೆಯ ನರದ ಒತ್ತಡ. ನಮ್ಮ ಮನೆಯವರ ಆ ರಾತ್ರಿಯ ಹೆದರಿಕೆಗೆ ಎಂಬತ್ತು ವರ್ಷ ಹಿಂದೆಯೇ ಸಾಕ್ಷಿ ಸಿಕ್ಕಿತು! ೧೯೫೫ರಲ್ಲಿ ಬಾಲ್ಟಿಮೋರಿನ ರಾಬಿನ್ಸನ್ ಮತ್ತು ಸ್ಮಿತ್, ೧೯೫೮ರಲ್ಲಿ ಹವಾಯಿ ದ್ವೀಪದ ಕ್ಲೋವರ್ಡ್, ಗಂಟಲಿನ ಕಡೆಯಿಂದಲೇ ಒಳಹೊಕ್ಕು ಮೆತ್ತೆ ತೆಗೆದು ಮೂಳೆಯ ತುಂಡಿಟ್ಟು ಎರಡು ಮಣಿಗಳನ್ನು ಬೆಸೆಯುವ ದಾರಿ ಹಾಕಿಕೊಟ್ಟರು. ನನಗೆ ಹೇಳಿದ ಶಸ್ತ್ರಚಿಕಿತ್ಸೆ ಇದರ ಮೊಮ್ಮಗು.

ನಮ್ಮಲ್ಲಿಯೂ ಹೆಚ್ಚು ತಡವಾಗಲಿಲ್ಲ. ೧೯೪೯ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ, ೧೯೫೦ರಲ್ಲಿ ಮದರಾಸಿನಲ್ಲಿ ಬಿ. ರಾಮಮೂರ್ತಿ ನರಶಸ್ತ್ರಚಿಕಿತ್ಸೆಯ ವಿಭಾಗಗಳನ್ನು ತೆರೆದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗೆ ಆರ್. ಮಾರ್ತಾಂಡ ವರ್ಮ ೧೯೫೮ರಲ್ಲಿ ಬಂದು ಈ ವಿದ್ಯೆಗೆ ನೆಲೆ ಕೊಟ್ಟರು. ಆ ಸಂಸ್ಥೆಯೇ ೧೯೭೪ರಲ್ಲಿ ನಿಮ್ಹಾನ್ಸ್ ಆಯಿತು. ಈಗ ಕತ್ತಿನ ಶಸ್ತ್ರಚಿಕಿತ್ಸೆಗೆ ಬೆಂಗಳೂರು, ಮಂಗಳೂರು ಎರಡೂ ದಿಕ್ಕಿಗೆ ನಮ್ಮ ಗುಡ್ಡಗಳಿಂದ ದಾರಿಯುಂಟು.

ಮಾಡಲು ಬಂದ ಮೇಲೆ, ಯಾವಾಗ ಮಾಡಬಾರದು ಎಂದು ಎಣಿಸಲು ಇನ್ನಷ್ಟು ಕಾಲ ಹಿಡಿಯಿತು. ೧೯೯೦ರಲ್ಲಿ ಅಮೆರಿಕದಲ್ಲಿ ಕತ್ತಿನ ಯಾವ ತೊಂದರೆಯೂ ಇಲ್ಲದ ೬೩ ಮಂದಿಯ ಎಂ.ಆರ್.ಐ. ಚಿತ್ರ ತೆಗೆದು ನೋಡಿದರು. ನಲವತ್ತು ದಾಟಿದವರಲ್ಲಿ ನೂರಕ್ಕೆ ೨೮ರಂತೆ ದೋಷ ಕಂಡಿತು. ಚಿತ್ರವೇ ರೋಗವಲ್ಲ ಎಂದಾಯಿತು. ೧೯೯೪ರಲ್ಲಿ, ಆಮೇಲೆ ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯ ನಿರ್ದೇಶಕರಾದ ರಾಧಾಕೃಷ್ಣನ್ ಮತ್ತು ಸಂಗಡಿಗರು ಅಮೆರಿಕದ ರಾಚೆಸ್ಟರ್ ಊರಿನಲ್ಲಿ ಇದೇ ನೋವು ಕಂಡ ೫೬೧ ಮಂದಿಯ ಲೆಕ್ಕ ಕೊಟ್ಟರು. ಶಸ್ತ್ರಚಿಕಿತ್ಸೆಗೆ ಹೋದವರು ನೂರಕ್ಕೆ ೨೬. ಕೊನೆಗೆ ನೋಡಿದಾಗ ನೋವಿಲ್ಲದೆಯೋ ಅಲ್ಪಸ್ವಲ್ಪ ತೊಂದರೆಯಿಂದಲೋ ಇದ್ದವರು ನೂರಕ್ಕೆ ೯೦. ೧೯೯೭ರಲ್ಲಿ ಸ್ವೀಡನ್ನಿನಲ್ಲಿ ೮೧ ರೋಗಿಗಳನ್ನು ಮೂರು ಪಾಲು ಮಾಡಿ ಒಂದಕ್ಕೆ ಶಸ್ತ್ರಚಿಕಿತ್ಸೆ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ಕತ್ತುಪಟ್ಟಿ ಕೊಟ್ಟರು. ಮೂರು ನಾಲ್ಕು ತಿಂಗಳಿಗೆ ಶಸ್ತ್ರಚಿಕಿತ್ಸೆಯವರೇ ಮುಂದಿದ್ದರು. ವರ್ಷ ಕಳೆಯುವಷ್ಟರಲ್ಲಿ ಮೂವರೂ ಹೆಚ್ಚುಕಡಿಮೆ ಸಮ. ಮಣಿ ಬೆಸೆದವರಲ್ಲಿ ವರ್ಷಕ್ಕೆ ನೂರಕ್ಕೆ ಸುಮಾರು ಮೂವರಿಗೆ ನೆರೆಯ ಮೆತ್ತೆಯಲ್ಲಿ ಹೊಸ ತೊಂದರೆ ಕಂಡಿತೆಂದು ೧೯೯೯ರ ಇನ್ನೊಂದು ಅಧ್ಯಯನ ಹೇಳಿತು.

ಹಾಗಾದರೆ ಕಾಯುವುದೇ ಜಾಣತನವೆಂದು ನಾನು ಬರೆದು ಮುಗಿಸಬಹುದಿತ್ತು. ಆದರೆ ನಮ್ಮ ಪಕ್ಕದ ತೋಟದ ಒಬ್ಬ ಹೆಂಗಸಿನ ಕಥೆ ಅಡ್ಡ ಬರುತ್ತದೆ. ಮೂವತ್ತು ವರ್ಷ ಹೊರೆ ಹೊತ್ತವಳು. ಆಕೆಗೆ ನೋವೆಂಬುದೇ ಹೆಚ್ಚಿರಲಿಲ್ಲ. ಕುಪ್ಪಸದ ಗುಂಡಿ ಹಾಕಲು ಬೆರಳು ತಡವರಿಸುತ್ತಿದ್ದವು; ಆರಿಸುವಾಗ ಹಣ್ಣು ಕೈಯಿಂದ ಜಾರುತ್ತಿತ್ತು; ಸಮನೆಲದಲ್ಲಿಯೂ ಕಾಲು ಎಡವುತ್ತಿತ್ತು. ವಯಸ್ಸು ಎಂದರು, ವಾತ ಎಂದರು, ಎಣ್ಣೆ ತಿಕ್ಕಿದರು. ಕೂಗಿಕೊಳ್ಳದ ರೋಗಕ್ಕೆ ಯಾರು ಗಾಡಿ ಕಟ್ಟುತ್ತಾರೆ? ಮೂತ್ರದ ಮೇಲೆ ಹಿಡಿತ ತಪ್ಪಿದ ಮೇಲೆ ಆಸ್ಪತ್ರೆ ಸೇರಿದಳು. ಬೆನ್ನುಹುರಿಯೇ ಒತ್ತಿಕೊಂಡಿತ್ತು. ಶಸ್ತ್ರಚಿಕಿತ್ಸೆಯಾಯಿತು, ರೋಗ ಮುಂದುವರಿಯಲಿಲ್ಲ. ಆದರೆ ಹೋದ ಶಕ್ತಿ ಪೂರ್ತಿ ತಿರುಗಲಿಲ್ಲ; ಇಂದಿಗೂ ಕೋಲು ಹಿಡಿದು ನಡೆಯುತ್ತಾಳೆ. ನಾನು ಒಂದು ತೋಳಿನ ನೋವಿಗೆ ರಾತ್ರಿಯೇ ಹಾಸನ ಕಂಡೆ. ಆಕೆಗೆ ಎರಡು ವರ್ಷ ಹಿಡಿಯಿತು.

ಇತಿಹಾಸದಿಂದ ನಾನು ಕಲಿತದ್ದು ಇದು. ನೋವು ನಮ್ಮನ್ನು ಅವಸರಪಡಿಸುತ್ತದೆ. ಆದರೆ ಅವಸರಪಡಬೇಕಾದದ್ದು ಸೋಲಿಗೆ. ತೋಳು ಉರಿದರೂ ಬಲವಿದ್ದರೆ ಆರೆಂಟು ವಾರ ಕಾಯಬಹುದು. ಚಾಚಿದ ಮೆತ್ತೆ ಎಷ್ಟೋ ಸಲ ತಾನೇ ಕುಗ್ಗುತ್ತದೆ. ಕಾದೂ ನೋವು ಇಳಿಯದಿದ್ದರೆ ಶಸ್ತ್ರಚಿಕಿತ್ಸೆ ನ್ಯಾಯವಾದದ್ದೇ. ತೋಳಿನ ಬಲ ಇಳಿಯುತ್ತ ಬಂದರೆ, ನಡಿಗೆ ತಪ್ಪಿದರೆ, ಗುಂಡಿ ಹಾಕಲು ಬಾರದಿದ್ದರೆ ಒಂದು ದಿನವೂ ತಡಮಾಡಬಾರದು. ಅಲ್ಲಿ ಹಾರ್ಸ್ಲಿಯವರ ದಾರಿಯೇ ದಾರಿ.

ನಾನು ಎರಡನೆಯ ವೈದ್ಯರ ಮಾತು ಹಿಡಿದೆ. ಅವರೂ ಬರಿದೆ ಕಾಯಿರಿ ಎನ್ನಲಿಲ್ಲ. ವಾರಕ್ಕೊಮ್ಮೆ ಬಂದು ತೋಳಿನ ಬಲ ತೋರಿಸಬೇಕು, ಕುಂದಿದರೆ ಅಂದೇ ತೀರ್ಮಾನ, ಎಂದರು. ನಿದ್ದೆಯಿಲ್ಲದ ರಾತ್ರಿಗಳಲ್ಲಿ ಎಡಗೈಯನ್ನು ನೆತ್ತಿಯ ಮೇಲಿಟ್ಟುಕೊಂಡರೆ ನೋವು ತಗ್ಗುತ್ತಿತ್ತು. ಹಾಗಿಟ್ಟರೆ ನರದ ಬಿಗಿ ಸಡಿಲುವುದೆಂದು ವೈದ್ಯರು ಹೇಳಿದರು. ಹನ್ನೊಂದನೆಯ ವಾರಕ್ಕೆ ಉರಿ ನಿಂತಿತು. ನಡುಬೆರಳ ತುದಿಯಲ್ಲಿ ಸ್ವಲ್ಪ ಜೋಮು ಉಳಿದಿದೆ.

ನೆತ್ತಿಯ ಮೇಲೆ ಕೈಯಿಟ್ಟು ಮೊಗಸಾಲೆಯಲ್ಲಿ ಕುಳಿತಿದ್ದ ಆ ದಿನಗಳಲ್ಲಿ ಪಕ್ಕದ ತೋಟದವಳು ಕೋಲೂರಿಕೊಂಡು ಬಂದು ನನ್ನನ್ನು ನೋಡಿ ನಕ್ಕಳು: "ಹೊರೆ ಹೊತ್ತಂಗೇ ಕೂತಿದ್ದೀರಲ್ಲ ಅಯ್ಯಾ." ಆಕೆಯ ಹೊರೆ ಇಳಿಸಲು ಕಲ್ಲು ಇತ್ತು; ಹೊತ್ತಾಗುವ ಮೊದಲು ಅದನ್ನು ತೋರಿಸುವವರಿರಲಿಲ್ಲ.