ಒಂದೇ ಊರಿನ ಎರಡು ಹಡಗುಗಳು

ಭಾರತದ ವಿಕ್ರಮಾದಿತ್ಯ, ಚೀನಾದ ಲಿಯಾವೊನಿಂಗ್. ಈ ಎರಡೂ ವಿಮಾನವಾಹಕ ನೌಕೆಗಳ ಒಡಲು ಸಿದ್ಧವಾದದ್ದು ಉಕ್ರೇನಿನ ಮೈಕೊಲೈವ್‌ನ ಒಂದೇ ಹಡಗುಕಟ್ಟೆಯಲ್ಲಿ. ಎರಡೂ ದೇಶಗಳ ಹಲವು ಡೆಸ್ಟ್ರಾಯರ್‌ಗಳ ಗ್ಯಾಸ್ ಟರ್ಬೈನ್‌ಗಳ ಮೂಲವೂ ಅದೇ ಊರು. ಸಾಮಗ್ರಿ ತಂದ ಅಂಗಡಿ ಒಂದೇ ಆದರೂ ಮುಂದಿನ ದಾರಿ ಬೇರೆಯಾಯಿತು.

ಓಟ ಮೊದಲು ಶುರು ಮಾಡಿದ್ದು ಭಾರತವೇ. ಬ್ರಿಟನ್ನಿನಿಂದ ಕೊಂಡ ಮೊದಲ ವಿಕ್ರಾಂತ್ 1961ರಲ್ಲೇ ನೌಕಾಪಡೆ ಸೇರಿತ್ತು. ಚೀನಾಕ್ಕೆ ಅಂಥ ಹಡಗು ದಕ್ಕಿದ್ದು 2012ರಲ್ಲಿ. ಆ ಐವತ್ತು ವರ್ಷ ಅದು ಸುಮ್ಮನೆ ಕೂತಿರಲಿಲ್ಲ. ಕರಾವಳಿ ಕಾಯುವುದಷ್ಟೇ ನೌಕಾಪಡೆಯ ಕೆಲಸವಲ್ಲ ಎಂದು 1982ರಲ್ಲಿ ದಂಡನಾಯಕರಾದ ಲಿಯು ಹುವಾಚಿಂಗ್ ಹಟ ಹಿಡಿದರು. 1985ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ನೌಕೆಯನ್ನು ಗುಜರಿಗೆಂದು ತರಿಸಿಕೊಂಡ ಚೀನೀಯರು, ಒಡೆಯುವ ಮುನ್ನ ಅದನ್ನು ಇಂಚಿಂಚೂ ನೋಡಿಕೊಂಡರು. ಅರ್ಧಕ್ಕೆ ನಿಂತಿದ್ದ ವರ್ಯಾಗ್ ನೌಕೆಯನ್ನು 1998ರಲ್ಲಿ, ತೇಲುವ ಜೂಜುಮನೆ ಮಾಡುತ್ತೇವೆಂದು ಹೇಳಿ, 2 ಕೋಟಿ ಡಾಲರಿಗೆ ಕೊಂಡರು. ಅದೇ ಇಂದಿನ ಲಿಯಾವೊನಿಂಗ್. ಸ್ವಂತವಾಗಿ ಕಟ್ಟಿದ ಶಾನ್‌ಡಾಂಗ್ 2019ರಲ್ಲಿ ಬಂತು. ವಿದ್ಯುತ್ಕಾಂತೀಯ ಬಲದಿಂದ ವಿಮಾನ ಚಿಮ್ಮಿಸುವ ಫುಜಿಯಾನ್ 2025ರಲ್ಲಿ.

ವಿಮಾನವಾಹಕಗಳು ಮೆರವಣಿಗೆಯ ಆನೆಗಳು. ಅಂತರ ತಿಳಿಯಬೇಕಾದರೆ ಹಡಗುಕಟ್ಟೆಗೇ ಹೋಗಬೇಕು. ಚೀನಾ ಒಂದೊಂದು ವಿನ್ಯಾಸದಲ್ಲೂ ಮೊದಲು ಒಂದೆರಡು ಡೆಸ್ಟ್ರಾಯರ್ ಕಟ್ಟಿ ನೋಡಿತು. ಮನಸ್ಸಿಗೆ ಬಂದ ಮೇಲೆ 052ಡಿ ಮಾದರಿಯವನ್ನು ಶಾಂಘೈ ಮತ್ತು ಡಾಲಿಯನ್‌ನಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಟ್ಟಿತು. ಜಗತ್ತಿನ ವಾಣಿಜ್ಯ ಹಡಗುಗಳಲ್ಲಿ ಈಗ ಅರ್ಧಕ್ಕೂ ಹೆಚ್ಚು ಚೀನಾದಲ್ಲೇ ತಯಾರಾಗುವುದರಿಂದ ಬೆಸುಗೆಗಾರನ ಕೈಗೆ ಬಿಡುವೇ ಇಲ್ಲ. ಭಾರತದ ಪಾಲು ಶೇ 1ನ್ನೂ ಮುಟ್ಟುವುದಿಲ್ಲ.

ನಮ್ಮಲ್ಲಿ ಕೈಚಳಕಕ್ಕೆ ಕೊರತೆಯಿರಲಿಲ್ಲ. ಮುಂಬೈಯ ಮಜಗಾಂವ್ ಡಾಕ್ 1972ರಲ್ಲೇ ನೀಲಗಿರಿ ಫ್ರಿಗೇಟ್ ಕೊಟ್ಟಿತು. ಯುದ್ಧನೌಕೆಗೆ ಬೇಕಾದ ಉಕ್ಕು ರಷ್ಯಾದಿಂದ ಬರದಿದ್ದಾಗ ನಮ್ಮ ವಿಜ್ಞಾನಿಗಳೂ ಸೇಲ್ ಸಂಸ್ಥೆಯೂ ಸೇರಿ ಇಲ್ಲೇ ತಯಾರಿಸಿದರು. 2022ರಲ್ಲಿ ಸೇವೆಗೆ ಸೇರಿದ, ಕೊಚ್ಚಿಯಲ್ಲಿ ಕಟ್ಟಿದ ಹೊಸ ವಿಕ್ರಾಂತ್ ಆ ಉಕ್ಕಿನದೇ. ಅದರ ಟರ್ಬೈನ್ ಅಮೆರಿಕದ ವಿನ್ಯಾಸದ್ದಾದರೂ ಜೋಡಿಸಿದ್ದು ಬೆಂಗಳೂರಿನ ಎಚ್‌ಎಎಲ್.

ಕೊರತೆಯಾದದ್ದು ಎಡೆಬಿಡದ ಕೆಲಸ. ಜರ್ಮನಿಯ ಎಚ್‌ಡಿಡಬ್ಲ್ಯು ವಿನ್ಯಾಸದ ಎರಡು ಜಲಾಂತರ್ಗಾಮಿಗಳನ್ನು ಮಜಗಾಂವ್ 1992 ಮತ್ತು 1994ರಲ್ಲಿ ಮುಗಿಸಿತು. ಅಷ್ಟರಲ್ಲಿ ಆ ಒಪ್ಪಂದಕ್ಕೆ ಲಂಚದ ಆರೋಪ ಸುತ್ತಿಕೊಂಡಿತ್ತು. ಮುಂದಿನ ಆರ್ಡರ್ ಬರಲಿಲ್ಲ, ಪಳಗಿದ ಕೈಗಳು ಚದುರಿದವು. ಫ್ರಾನ್ಸಿನೊಂದಿಗೆ ಹೊಸ ಒಪ್ಪಂದವಾದದ್ದು 2005ರಲ್ಲಿ. ಅದರ ಮೊದಲ ಜಲಾಂತರ್ಗಾಮಿ ಕಲ್ವರಿ ಬಂದದ್ದು 2017ರಲ್ಲಿ. ಒಮ್ಮೆ ಕಲಿತ ವಿದ್ಯೆಗೆ ಎರಡನೆಯ ಸಲ ಶುಲ್ಕ ಕಟ್ಟಿದಂತಾಯಿತು. ನನ್ನ ದೃಷ್ಟಿಯಲ್ಲಿ, ನಮ್ಮ ನೌಕಾ ಉದ್ಯಮದ ಅತಿ ದುಬಾರಿ ತಪ್ಪು ಇದೇ.

ಹಡಗಿನ ಲೆಕ್ಕವೇ ಎಲ್ಲವೂ ಅಲ್ಲ, ನಿಜ. ಚೀನಾದ 370ಕ್ಕೂ ಹೆಚ್ಚು ನೌಕೆಗಳು ತೈವಾನನ್ನೂ ಅಮೆರಿಕವನ್ನೂ ಎದುರಿಗಿಟ್ಟುಕೊಂಡಿವೆ. ಹಿಂದೂ ಮಹಾಸಾಗರಕ್ಕೆ ಬರಲು ಮಲಕ್ಕಾದಂಥ ಇಕ್ಕಟ್ಟಿನ ಜಲಸಂಧಿಗಳನ್ನು ದಾಟಬೇಕು. ನಮಗೆ ಕಾರವಾರದ ಕದಂಬ ನೆಲೆಯಿಂದ ಹೊರಟರೆ ಎದುರಿಗೇ ಅರಬ್ಬಿ ಸಮುದ್ರ. ಭೂಗೋಳ ನಮ್ಮ ಕಡೆಗಿದೆ. ಆದರೆ ವಿಕ್ರಾಂತ್ ಸೇವೆಗೆ ಸೇರಿ ಮೂರು ವರ್ಷ ಕಳೆದರೂ ಕೊಚ್ಚಿಗೆ ಇನ್ನೊಂದು ವಿಮಾನವಾಹಕದ ಆರ್ಡರ್ ಬಂದಿರಲಿಲ್ಲ. ಮಜಗಾಂವ್‌ನಲ್ಲಿ ಆದದ್ದು ಅಲ್ಲಿಯೂ ಆಗುವ ಮೊದಲು ದೆಹಲಿ ಆ ಕಡತಕ್ಕೆ ಸಹಿ ಹಾಕಬೇಕು.