ಲೆಕ್ಕದ ಪುಸ್ತಕ ಮತ್ತು ಮೇವಿನ ಬಣವೆ: 1886–87ರ ಚಳಿಗಾಲದ ಮರುವಿಚಾರ

ಅಮೆರಿಕದ ಪಶ್ಚಿಮ ಬಯಲಿನಲ್ಲಿ ಮಾಂಸಕ್ಕಾಗಿ ದನ ಸಾಕುವ ಉದ್ಯಮ 1886–87ರ ಒಂದೇ ಚಳಿಗಾಲದಲ್ಲಿ ನೆಲಕಚ್ಚಿತೆಂಬುದು ರೂಢಿಯ ಮಾತು. ಚಳಿ ಭೀಕರವಾಗಿತ್ತು, ನಿಜ. ಆದರೆ ಎಣಿಸದೆ, ಮೇವು ಕೂಡಿಡದೆ ಹಿಂಡು ಬೆಳೆಸುವ ಪದ್ಧತಿ ಆ ದನಗಳನ್ನು ಮೊದಲೇ ಸಾವಿನ ಬಾಯಿಗೆ ತಂದು ನಿಲ್ಲಿಸಿತ್ತು ಎಂಬುದು ಈ ಲೇಖನದ ವಾದ.

1867ರಲ್ಲಿ ದನದ ವ್ಯಾಪಾರಿ ಜೋಸೆಫ್ ಮೆಕಾಯ್ ಕಾನ್ಸಸ್‌ನ ಅಬಿಲೀನ್‌ನಲ್ಲಿ ರೈಲುಹಾದಿಯ ಪಕ್ಕ ದೊಡ್ಡಿಗಳನ್ನು ಕಟ್ಟಿಸಿದ. ಆ ರೈಲು ಹತ್ತಲು ಟೆಕ್ಸಾಸ್‌ನ ಉದ್ದಕೊಂಬಿನ ದನಗಳು ಉತ್ತರಕ್ಕೆ ನಡೆದವು. ಬೇಟೆಗಾರರು ಬೈಸನ್ ಹಿಂಡುಗಳನ್ನು ಅಳಿಸಿದರು. ಮೂಲನಿವಾಸಿಗಳನ್ನು ಮೀಸಲು ಪ್ರದೇಶಗಳಿಗೆ ಅಟ್ಟಲಾಯಿತು. ಹೀಗೆ ತೆರವಾದ ಸರ್ಕಾರಿ ಹುಲ್ಲುಗಾವಲಿನಲ್ಲಿ ಮೇವು ಪುಕ್ಕಟೆಯಾಯಿತು. ಆ ಪುಕ್ಕಟೆ ಮೇವಿನ ಬೆಲೆ ತೆತ್ತವರು ಯಾರೆಂಬುದನ್ನು ಈ ಇತಿಹಾಸ ಬರೆಯುವವರು ಮರೆಯಬಾರದು. ದನ ಸಾಕಿ ಶ್ರೀಮಂತರಾಗಬಹುದೆಂದು ಜೇಮ್ಸ್ ಬ್ರಿಸ್ಬಿನ್ 1881ರಲ್ಲಿ ಪುಸ್ತಕ ಬರೆದ. ಬ್ರಿಟನ್ನಿನ ಹಣ ಹರಿದುಬಂತು. ವಯೋಮಿಂಗ್‌ನ ಸ್ವಾನ್ ಕಂಪನಿ 1883ರಲ್ಲಿ ಸ್ಕಾಟ್ಲೆಂಡಿನ ಬಂಡವಾಳದಿಂದಲೇ ರೂಪುಗೊಂಡದ್ದು.

ಇಂಥ ಕಂಪನಿಗಳು ಕೊಂಡದ್ದು ಲೆಕ್ಕದ ಪುಸ್ತಕದಲ್ಲಿದ್ದ ದನಗಳನ್ನು. ಬೇಲಿಯಿಲ್ಲದ ಬಯಲಿನಲ್ಲಿ ಹತ್ತಾರು ಒಡೆಯರ ಹಿಂಡುಗಳು ಬೆರೆತು ಮೇಯುತ್ತಿದ್ದವು. ತಲೆ ಎಣಿಸುವುದು ಆಗದ ಕೆಲಸ. ಹಾಗಾಗಿ ಮೊದಲು ಬಿಟ್ಟ ದನಗಳ ಸಂಖ್ಯೆಗೆ ಪ್ರತಿವರ್ಷ ಮುದ್ರೆ ಒತ್ತಿದ ಕರುಗಳನ್ನು ಕೂಡುವುದು, ಮಾರಿದ್ದನ್ನು ಕಳೆಯುವುದು, ಸತ್ತದ್ದಕ್ಕೆಂದು ಶೇಕಡಾ ಇಷ್ಟು ಎಂದು ಅಂದಾಜಿನಲ್ಲಿ ಬಿಡುವುದು, ಇಷ್ಟೇ ಲೆಕ್ಕ. ಸಾವಿನ ಅಂದಾಜು ತುಸು ಕಡಿಮೆಯಾದರೂ ಇಲ್ಲದ ದನಗಳು ಮುಂದಿನ ವರ್ಷದ ಪುಟಕ್ಕೆ ದಾಟುತ್ತಿದ್ದವು. ಕರುಗಳನ್ನೂ ಅಂದಾಜಿಸುತ್ತಿದ್ದ ಕಡೆಯಂತೂ ಎಂದೋ ಸತ್ತ ಹಸು ಕಾಗದದ ಮೇಲೆ ವರ್ಷವರ್ಷವೂ ಈಯುತ್ತಿತ್ತು. ಆ ಸಂಖ್ಯೆಯ ಮೇಲೆ ಸಾಲ, ಸಾಲದಿಂದ ಇನ್ನಷ್ಟು ದನ. ಹುಲ್ಲು ಮಾತ್ರ ಅಷ್ಟೇ.

1886ರ ಬೇಸಿಗೆಯಲ್ಲಿ ಮಳೆ ಕೈಕೊಟ್ಟಿತು. ಮೇದು ಸವೆದ ನೆಲ ಒಣಗಿತು, ದನ ಬಡಕಲಾದವು. ನವೆಂಬರ್‌ನಲ್ಲೇ ಹಿಮ ಸುರಿಯಿತು. ಚಳಿಗಾಲದ ನಡುವೆ ಕರಗಿದ ಹಿಮ ಮತ್ತೆ ಗಟ್ಟಿಯಾಗಿ ನೆಲದ ಮೇಲೆ ಮಂಜುಗಡ್ಡೆಯ ಹೊದಿಕೆ ಕಟ್ಟಿತು. ಕುದುರೆ ಗೊರಸಿನಿಂದ ಹಿಮ ಕೆದಕಿ ಹುಲ್ಲು ಹುಡುಕುತ್ತದೆ. ಬೈಸನ್ ತಲೆ ಬೀಸಿ ಹಿಮ ಸರಿಸುತ್ತದೆ. ದನಕ್ಕೆ ಆ ಅಭ್ಯಾಸವಿಲ್ಲ. ಅದು ಗಾಳಿಗೆ ಬೆನ್ನುಕೊಟ್ಟು ನಡೆಯುತ್ತದೆ. ಹಾಗೆ ನಡೆದವು ಅಲ್ಲಲ್ಲಿ ಎದ್ದಿದ್ದ ಮುಳ್ಳುತಂತಿ ಬೇಲಿಗಳ ಬಳಿ ತಡೆದು, ಒಂದರ ಮೇಲೊಂದು ಬಿದ್ದು ಸತ್ತವು. ಮಂಜುಗಡ್ಡೆಯ ಅಂಚು ತಗುಲಿ ಕಾಲು ಸೀಳಿಕೊಂಡವು ಎಷ್ಟೋ. ಮೊಂಟಾನಾದ ಹಿಂಡೊಂದರ ಒಡೆಯ ತನ್ನ ದನಗಳ ಸ್ಥಿತಿ ವಿಚಾರಿಸಿದಾಗ, ಅಲ್ಲಿದ್ದ ಕೌಬಾಯ್ ಚಾರ್ಲ್ಸ್ ರಸಲ್ ಅಂಗೈಯಗಲದ ಜಲವರ್ಣ ಚಿತ್ರ ಬರೆದ: ಹಿಮದಲ್ಲಿ ನಿಂತ, ಎಲುಬು ಎಣಿಸಬಹುದಾದ ಒಂದು ದನ, ಸುತ್ತ ಕಾದು ಕುಳಿತ ತೋಳಗಳು. ಅವನ ಹೆಸರು ಜನಕ್ಕೆ ಗೊತ್ತಾದದ್ದೇ ಆ ಚಿತ್ರದಿಂದ.

ಸತ್ತದ್ದೆಷ್ಟು? ಅರ್ಧಕ್ಕೂ ಹೆಚ್ಚು ಕಳೆದುಕೊಂಡ ಹಿಂಡುಗಳಿದ್ದವು. ಆದರೆ ನಷ್ಟ ಅಳೆದದ್ದು ಅದೇ ಲೆಕ್ಕದ ಪುಸ್ತಕದ ಸಂಖ್ಯೆಯ ಎದುರು. ವಸಂತದಲ್ಲಿ ಸಿಗದ ದನವೆಲ್ಲ ಚಳಿಗೆ ಸತ್ತದ್ದೆಂದು ಬರೆದರೆ ಹಳೆಯ ತಪ್ಪುಲೆಕ್ಕವೂ ಅದರಲ್ಲೇ ಮುಚ್ಚಿಹೋಗುತ್ತದೆ. ಹೀಗಾಗಿ ಶೇಕಡಾವಾರು ಅಂಕಿಗಳನ್ನು ಹಾಗೆಯೇ ಒಪ್ಪಿಕೊಳ್ಳುವಂತಿಲ್ಲ. ಅಂಕಿ ಏನೇ ಇರಲಿ, ಹೊಡೆತ ನಿಜವಾದದ್ದೇ: ಸ್ವಾನ್ ಕಂಪನಿಯ ಹಿಂದಿದ್ದ ಸ್ವಾನ್ ಸಹೋದರರು 1887ರಲ್ಲಿ ದಿವಾಳಿಯಾದರು.

ಉಳಿದವರು ಹಿಂಡು ಕಿರಿದು ಮಾಡಿದರು, ಬೇಲಿ ಹಾಕಿದರು, ಒಳ್ಳೆಯ ತಳಿಯ ಹೆರ್‌ಫರ್ಡ್ ಹೋರಿಗಳನ್ನು ತಂದರು. ಎಲ್ಲಕ್ಕಿಂತ ದೊಡ್ಡ ಬದಲಾವಣೆ, ನದಿಬಯಲಿನ ಹುಲ್ಲು ಕೊಯ್ದು ಬಣವೆ ಒಟ್ಟಿದ್ದು. ಎಷ್ಟು ದನ ಸಾಕಬಹುದೆಂಬುದನ್ನು ಅಲ್ಲಿಂದಾಚೆಗೆ ಚಳಿಗಾಲದ ಮೇವು ನಿರ್ಧರಿಸಿತು. ಹೀಗೆ ಉಳಿದವರಲ್ಲೊಬ್ಬನಾದ ಕಾನ್ರಾಡ್ ಕೋರ್ಸ್ ಮೊಂಟಾನಾದ ಡೀರ್ ಲಾಡ್ಜ್‌ನಲ್ಲಿ ಬೆಳೆಸಿದ ರ‍್ಯಾಂಚ್ ಇಂದು ರಾಷ್ಟ್ರೀಯ ಐತಿಹಾಸಿಕ ತಾಣ. ಅಲ್ಲಿ ಈಗಲೂ ದನ ಸಾಕುತ್ತಾರೆ, ಪ್ರತಿ ಬೇಸಿಗೆಯಲ್ಲಿ ಹುಲ್ಲು ಕೊಯ್ಯುತ್ತಾರೆ.