ತೋಳಿನ ಮೇಲಿನ ಕಲೆ

ಬೇಸಿಗೆಯ ಪಿಕ್ನಿಕ್ಕಿಗೆ ನಮ್ಮ ಸಂಘದ ಹಿರಿಯರು ಅರ್ಧ ತೋಳಿನ ಅಂಗಿ ತೊಟ್ಟು ಬಂದಾಗ ಗಮನಿಸಿ ನೋಡಿ. ಹೆಚ್ಚು ಕಡಿಮೆ ಎಲ್ಲರ ತೋಳಿನ ಮೇಲೂ ನಾಲ್ಕಾಣೆಯಷ್ಟು ಅಗಲದ ಒಂದೋ ಎರಡೋ ಕಲೆಗಳಿರುತ್ತವೆ. ಇಲ್ಲಿ ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದ ಮೊಮ್ಮಕ್ಕಳು ಅದನ್ನು ಮುಟ್ಟಿ ನೋಡಿ, "ಏನಜ್ಜಿ ಇದು, ಸುಟ್ಟುಕೊಂಡೆಯಾ?" ಎಂದು ಕೇಳುವುದುಂಟು. ಹಳೇ ಮೈಸೂರಿನ ಕಡೆಯವರು ಕೊಡುವ ಉತ್ತರ "ದಾಕು ಹಾಕಿದ್ದು ಮಗು". ಧಾರವಾಡ, ಬೆಳಗಾವಿಯ ಕಡೆಯವರಾದರೆ "ದೇವಿ ಹಾಕಿಸಿದ್ದು" ಎನ್ನುತ್ತಾರೆ. ರೋಗವೂ ದೇವಿ, ಅದನ್ನು ತಡೆಯುವ ಮದ್ದೂ ದೇವಿ! ಒಂದು ಸಣ್ಣ ತಿದ್ದುಪಡಿಯನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ತೋಳಿನ ಮೇಲಿನ ಕಲೆಯೆಲ್ಲ ಸಿಡುಬಿನ ಲಸಿಕೆಯದಲ್ಲ. ಕ್ಷಯ ತಡೆಯಲು ಕೊಡುವ ಬಿ.ಸಿ.ಜಿ. ಕೂಡ ಕಲೆ ಬಿಡುತ್ತದೆ. ನಮ್ಮ ದೇಶದಲ್ಲಿ 1980ರ ನಂತರ ಹುಟ್ಟಿದವರ ತೋಳಿನ ಮೇಲೆ ಇರುವುದು ಅದೇ.

ಈ ದಾಕಿನ ಬಗ್ಗೆ ಎರಡು ಮಾತುಗಳು ನಮ್ಮವರ ನಡುವೆ ಆಗಾಗ ಕೇಳಿಬರುತ್ತವೆ. ಒಂದು, "ಹಸುವಿನ ಸಿಡುಬಿನ ಲಸಿಕೆ ನಮ್ಮ ಶಾಸ್ತ್ರಗಳಲ್ಲೇ ಇತ್ತು, ಧನ್ವಂತರಿಯೇ ಹೇಳಿದ್ದಾನೆ, ಜೆನ್ನರ್ ಅದನ್ನು ಕದ್ದ." ಇನ್ನೊಂದು, "ನಮ್ಮವರು ಬೇವಿನ ಸೊಪ್ಪು ಕಟ್ಟಿ ಮಾರಮ್ಮನಿಗೆ ತಂಬಿಟ್ಟು ಮಾಡಿಕೊಂಡು ಕೂತಿದ್ದರು, ವಿಜ್ಞಾನ ತಂದವರು ಬ್ರಿಟಿಷರು." ಎರಡೂ ಸರಿಯಲ್ಲ. ಮೊದಲನೆಯ ಮಾತಿನ ಮೂಲವನ್ನು ಹುಡುಕಿಕೊಂಡು ಹೋದರಂತೂ ಸ್ವಾರಸ್ಯವಾದ ಜಾಗಕ್ಕೆ ತಲುಪುತ್ತೇವೆ.

ನಮ್ಮಲ್ಲಿ ನಿಜವಾಗಿ ಇದ್ದದ್ದೇನು? ಚರಕ, ಸುಶ್ರುತರಲ್ಲಿ ಮಸೂರಿಕಾ ಎಂಬ ರೋಗದ ಪ್ರಸ್ತಾಪ ಚುಟುಕಾಗಿ ಬರುತ್ತದೆ, ಮುಂದೆ ಮಾಧವನಿದಾನದಲ್ಲಿ ವಿವರವಾಗಿಯೇ ಇದೆ. ಚುಚ್ಚಿ ತಡೆಯುವ ವಿಚಾರ ಇವುಗಳಲ್ಲಿಲ್ಲ. ಆದರೆ ಗ್ರಂಥದಲ್ಲಿಲ್ಲದ್ದು ಜನರ ಕೈಯಲ್ಲಿ ಇತ್ತು. ಬಂಗಾಳದಲ್ಲಿ ಗವರ್ನರ್ ಆಗಿದ್ದ ಹಾಲ್‌ವೆಲ್ ಎಂಬಾತ 1767ರಲ್ಲಿ ಲಂಡನ್ನಿನ ವೈದ್ಯರಿಗೆಂದು ಬರೆದ ವರದಿಯಲ್ಲಿ ಅಲ್ಲಿನ ಟೀಕಾದಾರರ ಪದ್ಧತಿಯನ್ನು ವರ್ಣಿಸಿದ್ದಾನೆ. ಅವರು ಸಿಡುಬಿನ ಕಾಲಕ್ಕೆ ಮುಂಚೆ ಮನೆಮನೆಗೆ ಬಂದು, ಹಿಂದಿನ ವರ್ಷದ ಸಿಡುಬಿನ ಗುಳ್ಳೆಯಿಂದ ತೆಗೆದಿಟ್ಟ ಕೀವನ್ನು ತೋಳಿಗೆ ಗೀರಿ ಹಚ್ಚುತ್ತಿದ್ದರು. ಪಥ್ಯ, ತಣ್ಣೀರಿನ ಸ್ನಾನ ಎಲ್ಲವೂ ಕ್ರಮವಾಗಿ ನಡೆಯುತ್ತಿತ್ತು. ಹೀಗೆ ಬಂದ ಸಿಡುಬು ಸಾಮಾನ್ಯವಾಗಿ ಸೌಮ್ಯವಾಗಿರುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ತುರ್ಕಿಯಲ್ಲೂ ಇಂಥದ್ದೇ ರೂಢಿಯಿತ್ತು, ಅದನ್ನು ನೋಡಿ ಬಂದ ಲೇಡಿ ಮೇರಿ ಮಾಂಟೆಗ್ಯೂ 1721ರಲ್ಲಿ ಇಂಗ್ಲೆಂಡಿನಲ್ಲಿ ತನ್ನ ಮಗಳಿಗೆ ಹಾಕಿಸಿದಳು. ಇದರಲ್ಲಿದ್ದ ದೋಷ ಒಂದೇ, ಆದರೆ ದೊಡ್ಡದು: ಒಳಗೆ ಹೋಗುವುದು ನಿಜವಾದ ಸಿಡುಬು. ಹಾಕಿಸಿಕೊಂಡವರಲ್ಲಿ ನೂರಕ್ಕೆ ಒಬ್ಬಿಬ್ಬರು ಸಾಯುತ್ತಿದ್ದರು, ಪಕ್ಕದ ಮನೆಯವರಿಗೆ ಅವರಿಂದ ಪೂರ್ಣ ಪ್ರಮಾಣದ ಸಿಡುಬು ಅಂಟಬಹುದಿತ್ತು.

ಗ್ಲಾಸ್ಟರ್‌ಶೈರಿನ ಬರ್ಕ್ಲಿಯಲ್ಲಿ ವೈದ್ಯನಾಗಿದ್ದ ಎಡ್ವರ್ಡ್ ಜೆನ್ನರ್ 1796ರ ಮೇ 14ರಂದು ಮಾಡಿದ್ದು ಬೇರೆ. ಹಾಲು ಕರೆಯುವ ಸಾರಾ ನೆಲ್ಮ್ಸ್ ಎಂಬವಳ ಕೈಮೇಲಿನ ಗುಳ್ಳೆಯಿಂದ ಹಸುವಿನ ಸಿಡುಬಿನ ಕೀವು ತೆಗೆದು ಜೇಮ್ಸ್ ಫಿಪ್ಸ್ ಎಂಬ ಎಂಟು ವರ್ಷದ ಹುಡುಗನ ತೋಳಿಗೆ ಹಾಕಿದ. ಈ ಮದ್ದು ಒಬ್ಬರಿಂದೊಬ್ಬರಿಗೆ ಸಿಡುಬನ್ನು ಹರಡುವುದಿಲ್ಲ. ಟೀಕಾದಾರರ ವಿಧಾನಕ್ಕೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. ಆ ಹಸುವಿನ ಹೆಸರು ಬ್ಲಾಸಂ. ಅದರ ಚರ್ಮ ಲಂಡನ್ನಿನ ಸೇಂಟ್ ಜಾರ್ಜ್ಸ್ ವೈದ್ಯ ಶಾಲೆಯಲ್ಲಿ ತೂಗುಹಾಕಿದೆ. ಟೂಟಿಂಗ್ ಕಡೆಗೆ ಸಾಂಬಾರ್ ಪುಡಿ ತರಲು ಹೋಗುವವರಿಗೆ ದೂರವೇನಲ್ಲ!

ಈ ದೇಶದ ಜನ ಅದನ್ನು ಎರಡು ಕೈಗಳಿಂದ ಸ್ವಾಗತಿಸಿದರೇ? ಇಲ್ಲ. 1802ರಲ್ಲಿ ಗಿಲ್‌ರೇ ಬರೆದ ವ್ಯಂಗ್ಯಚಿತ್ರದಲ್ಲಿ ಲಸಿಕೆ ಹಾಕಿಸಿಕೊಂಡವರ ಮೂಗು, ತೋಳುಗಳಿಂದ ಪುಟ್ಟ ಹಸುಗಳು ಹೊರಬರುತ್ತಿವೆ. ಅದು ತಮಾಷೆ ಎಂದುಕೊಂಡರೂ, ಲಂಡನ್ನಿನ ಡಾಕ್ಟರ್ ರೌಲಿ 1805ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಎತ್ತಿನ ಮುಖದ ಹುಡುಗನ ಚಿತ್ರ ಹಾಕಿ, ಇದು ಲಸಿಕೆಯ ಪರಿಣಾಮ ಎಂದದ್ದು ತಮಾಷೆಗಲ್ಲ. ತಪ್ಪು ತಿಳಿವಳಿಕೆಯನ್ನು ಓದಿದ ವೈದ್ಯರೇ ಹಂಚಬಲ್ಲರು ಎಂಬುದಕ್ಕೆ ಈತ ಸಾಕ್ಷಿ.

ಇನ್ನು ಈ ಮದ್ದು ನಮ್ಮ ದೇಶಕ್ಕೆ ಬಂದ ಬಗೆ. ಹಡಗಿನಲ್ಲಿ ತಿಂಗಳುಗಟ್ಟಲೆ ಬರುವಾಗ ಸೆಖೆಗೆ ಕೀವಿನ ಸತ್ವ ಸತ್ತುಹೋಗುತ್ತಿತ್ತು. ಕೊನೆಗೆ ವಿಯೆನ್ನಾದಿಂದ ಬಾಗ್ದಾದ್, ಬಸ್ರಾಗಳ ದಾರಿಯಾಗಿ ಬಂದ ಲಸಿಕೆ 1802ರ ಜೂನ್ 14ರಂದು ಮುಂಬಯಿಯಲ್ಲಿ ಆನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಹತ್ತಿಕೊಂಡಿತು. ಅವಳ ಗುಳ್ಳೆಯಿಂದ ಇನ್ನೈದು ಮಕ್ಕಳಿಗೆ, ಅವರಿಂದ ಮತ್ತಷ್ಟು ಮಕ್ಕಳಿಗೆ. ವಾರಕ್ಕೊಮ್ಮೆ ಗುಳ್ಳೆ ಹಣ್ಣಾದಾಗ ಅದರ ರಸ ತೆಗೆದು ಮುಂದಿನ ಮಗುವಿಗೆ ಹಾಕಬೇಕು. ಸರಪಳಿ ಎಲ್ಲಾದರೂ ತುಂಡಾದರೆ ಮದ್ದೇ ಇಲ್ಲ. ದೀಪದಿಂದ ದೀಪ ಹಚ್ಚಿದ ಹಾಗೆ, ತೋಳಿನಿಂದ ತೋಳಿಗೆ ಅದು ಊರೂರು ದಾಟಿತು.

ಇಲ್ಲಿ ಕಂಪನಿಯವರ ಲೆಕ್ಕಾಚಾರ ತಪ್ಪಿತು. ಹಸು ಹಿಂದೂಗಳಿಗೆ ಪವಿತ್ರ, ಹಸುವಿನಿಂದ ಬಂದದ್ದು ಎಂದರೆ ಸಂತೋಷದಿಂದ ತೋಳು ಚಾಚುತ್ತಾರೆ ಎಂದುಕೊಂಡಿದ್ದರು. ಮನೆಯ ಹೆಂಗಸರು ಕೇಳಿದ ಪ್ರಶ್ನೆಯೇ ಬೇರೆ: ಈ ರಸ ಬಂದದ್ದು ಯಾವ ಮಗುವಿನ ತೋಳಿನಿಂದ? ಯಾವ ಜಾತಿಯದು? ನನ್ನ ಮಗುವಿನಿಂದ ರಸ ಹೀರಿ ತೆಗೆದರೆ ಅದು ಬಡವಾಗುವುದಿಲ್ಲವೇ? ಹಸುವಿನ ಮಹಿಮೆ ಇದ್ಯಾವುದಕ್ಕೂ ಉತ್ತರವಾಗಿರಲಿಲ್ಲ. ಜಾತಿಯ ಪ್ರಶ್ನೆಯನ್ನು ನಾನು ಸಮರ್ಥಿಸುತ್ತಿಲ್ಲ. ಆದರೆ ಇನ್ನೊಬ್ಬರ ಮೈಯ ರಸ ನನ್ನ ಮಗುವಿಗೆ ಏಕೆ ಎಂಬ ಅಳುಕು ಪೂರಾ ಮೂಢನಂಬಿಕೆಯಾಗಿರಲಿಲ್ಲ. 1861ರಲ್ಲಿ ಇಟಲಿಯ ರಿವಾಲ್ಟಾದಲ್ಲಿ ಹೀಗೆ ತೋಳಿನಿಂದ ತೋಳಿಗೆ ಲಸಿಕೆ ಹಾಕಿಸಿಕೊಂಡ ಹತ್ತಾರು ಮಕ್ಕಳಿಗೆ ಅದರ ಜೊತೆಗೇ ಸಿಫಿಲಿಸ್ ಅಂಟಿತ್ತು. ಇಂಗ್ಲೆಂಡು ಈ ಪದ್ಧತಿಯನ್ನು ಬಿಟ್ಟದ್ದು 1898ರಲ್ಲಿ.

ಈ ಅಳುಕಿನ ನಡುವೆ ಮೈಸೂರಿನಲ್ಲಿ ನಡೆದದ್ದು ನಮಗೆ ಹತ್ತಿರದ ಕಥೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ದಿವಾನ್ ಪೂರ್ಣಯ್ಯನವರ ಆಡಳಿತ, ಅರಮನೆಯೊಳಗೆ ರಾಜಮಾತೆ ಲಕ್ಷ್ಮಮ್ಮಣ್ಣಿಯವರ ಮಾತು. 1805ರ ಸುಮಾರಿಗೆ ಬಾಲರಾಜರ ಮದುವೆಯಾಯಿತು. ಅದೇ ಕಾಲದಲ್ಲಿ ಐರ್ಲೆಂಡಿನ ಕಲಾವಿದ ಥಾಮಸ್ ಹಿಕಿ ಮೂವರು ಹೆಂಗಸರ ದೊಡ್ಡ ತೈಲಚಿತ್ರವೊಂದನ್ನು ಬರೆದ. ಬಹಳ ಕಾಲ ಅದು ನರ್ತಕಿಯರ ಚಿತ್ರವೆಂದೇ ಎಣಿಕೆಯಾಗಿತ್ತು. ಕೇಂಬ್ರಿಜ್‌ನ ಇತಿಹಾಸಕಾರ ನೈಜಲ್ ಚಾನ್ಸೆಲರ್ 2001ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಇವರು ನರ್ತಕಿಯರಲ್ಲ, ಮೈಸೂರಿನ ರಾಣಿಯರು ಎಂದು ವಾದಿಸಿದರು. ಅವರ ಪ್ರಕಾರ ಬಲಗಡೆಯ ಎಳೆಯ ರಾಣಿ ದೇವಾಜಮ್ಮಣ್ಣಿ ಸೀರೆಯ ಅಂಚನ್ನು ಸರಿಸಿ ಎಡತೋಳನ್ನು ತೋರುತ್ತಿರುವುದು ದಾಕು ಹಾಕಿದ ಜಾಗಕ್ಕೆ. ಎಡಗಡೆಯವಳ ಮೂಗು, ಬಾಯಿಯ ಸುತ್ತ ಕಾಣುವ ಬಣ್ಣಗೆಟ್ಟ ಚರ್ಮ ಹಳೆಯ ಪದ್ಧತಿಯ ಗುರುತು. ಒಂದೇ ಚಿತ್ರದಲ್ಲಿ ಹಳೆಯದೂ ಹೊಸದೂ! ಇದನ್ನು ಎಲ್ಲರೂ ಒಪ್ಪಿಲ್ಲ. 2007ರಲ್ಲಿ ಚಿತ್ರ ಹರಾಜಿಗೆ ಬಂದಾಗಲೂ ನರ್ತಕಿಯರೆಂಬ ಹಳೆಯ ಹೆಸರೇ ಇತ್ತು. ನನಗೆ ಚಾನ್ಸೆಲರ್ ಮಾತು ಹಿಡಿಸುತ್ತದೆ. ಚಿತ್ರದ ಮಾತು ಹಾಗಿರಲಿ, ರಾಣಿಗೆ ಲಸಿಕೆ ಹಾಕಿದ ಸುದ್ದಿ ಕೇಳಿ ಜನ ಮುಂದೆ ಬಂದರೆಂದು 1806ರ ಜುಲೈ ತಿಂಗಳ ದಾಖಲೆಯೊಂದನ್ನೂ ಅವರು ತೋರಿಸಿದ್ದಾರೆ. ಅಂತಃಪುರದ ಹೆಣ್ಣುಮಗಳ ತೋಳು ದಂಡೋರಕ್ಕಿಂತ ಹೆಚ್ಚು ಕೆಲಸ ಮಾಡಿತು.

ಮದ್ರಾಸಿನಲ್ಲಿ ಬೇರೊಂದು ಉಪಾಯ ನಡೆಯಿತು. ಅಲ್ಲಿನ ಕಲೆಕ್ಟರ್ ಎಫ್. ಡಬ್ಲ್ಯೂ. ಎಲ್ಲಿಸ್ ನಮಗೆ ಪರಿಚಿತ. ಕನ್ನಡ, ತಮಿಳು, ತೆಲುಗುಗಳು ಸಂಸ್ಕೃತದಿಂದ ಹುಟ್ಟಿದವಲ್ಲ, ಒಂದೇ ಕುಟುಂಬದವು ಎಂದು 1816ರಲ್ಲಿ ತೋರಿಸಿದ ವಿದ್ವಾಂಸ. ಈ ಮನುಷ್ಯ ಜನರನ್ನು ಒಲಿಸಲೆಂದು ತಮಿಳಿನಲ್ಲಿ ಒಂದು ಕಥೆ ಕಟ್ಟಿದ. ಅದರಲ್ಲಿ ಶಕ್ತಿದೇವಿಗೂ ಧನ್ವಂತರಿಗೂ ಸಂಭಾಷಣೆ. ಪಂಚಗವ್ಯದ ಜೊತೆಗೆ ಈಗ ಆರನೆಯದಾಗಿ ಹಸುವಿನ ಸಿಡುಬನ್ನೂ ಕರುಣಿಸಿದ್ದೇನೆ ಎಂಬ ಧಾಟಿ. ಮುಂದೆ 1819ರಲ್ಲಿ ಮದ್ರಾಸ್ ಕೊರಿಯರ್ ಪತ್ರಿಕೆಯಲ್ಲಿ ತಮಿಳು ಗುಪ್ತನಾಮದಲ್ಲಿ ಒಂದು ಪತ್ರ ಬಂತು. ಶಾಕ್ತೇಯ ಗ್ರಂಥವೆಂಬ ಪ್ರಾಚೀನ ಪುಸ್ತಕದಲ್ಲಿ ಧನ್ವಂತರಿಯೇ ಹಸುವಿನ ಕೆಚ್ಚಲ ಗುಳ್ಳೆಯ ರಸ ತೆಗೆದು ತೋಳಿಗೆ ಹಾಕುವ ಕ್ರಮ ಹೇಳಿದ್ದಾನೆ ಎಂದು ಅದರ ತಾತ್ಪರ್ಯ. ಅಂಥ ಗ್ರಂಥ ಇಂದಿಗೂ ಯಾರ ಕೈಗೂ ಸಿಕ್ಕಿಲ್ಲ. ಸಂಸ್ಕೃತ ವೈದ್ಯಗ್ರಂಥಗಳನ್ನು ಅರೆದು ಕುಡಿದ ಡೊಮಿನಿಕ್ ವುಜಾಸ್ಟಿಕ್ 1987ರಲ್ಲಿ ಇಡೀ ಪ್ರಕರಣವನ್ನು ಜಾಲಾಡಿ, ಇದೊಂದು ಸದುದ್ದೇಶದ ವಂಚನೆ ಎಂದು ತೋರಿಸಿದ್ದಾರೆ.

ಉದ್ದೇಶ ಒಳ್ಳೆಯದೇ. ಆದರೆ ಆ ಶ್ಲೋಕಗಳಿಂದ ಎಷ್ಟು ಜನ ತೋಳು ಚಾಚಿದರೋ, ಸುಳ್ಳು ಮಾತ್ರ ಚಿರಂಜೀವಿಯಾಯಿತು. ಯುರೋಪಿನ ಪುಸ್ತಕಗಳಿಗೆ ಹೋಯಿತು, ಅಲ್ಲಿಂದ ಪ್ರಮಾಣವಾಗಿ ಹಿಂದಿರುಗಿತು. 1905ರಲ್ಲಿ ಮದ್ರಾಸಿನ ಗವರ್ನರ್ ಆಂಪ್ತಿಲ್ ಸಾಹೇಬರು ಕಿಂಗ್ ಇನ್‌ಸ್ಟಿಟ್ಯೂಟ್ ಉದ್ಘಾಟಿಸುವಾಗ ಧನ್ವಂತರಿ ಜೆನ್ನರನಿಗಿಂತ ಮುಂಚೆಯೇ ಇದನ್ನು ಕಂಡುಕೊಂಡಿರಬಹುದು ಎಂದರು. ಗವರ್ನರೇ ಹೇಳಿದ ಮೇಲೆ ಕೇಳಬೇಕೆ? ನಮ್ಮ ಅಭಿಮಾನದ ಮಾತೆಂದು ನಾವು ಹೇಳಿಕೊಂಡು ಬರುತ್ತಿರುವುದು ಕಂಪನಿ ಸರಕಾರದ ಜಾಹೀರಾತನ್ನು. ಮೆಚ್ಚಬೇಕಾದ ಟೀಕಾದಾರರನ್ನು ಮಾತ್ರ ಯಾರೂ ನೆನೆಯುವುದಿಲ್ಲ.

ಹಾಗೆ ನೋಡಿದರೆ ಆ ಲಸಿಕೆ ಹಸುವಿನದೇ ಎಂಬುದೂ ಈಗ ಅನುಮಾನ. 1902ರ ಅಮೆರಿಕದ ಲಸಿಕೆಯೊಂದರ ವಂಶವಾಹಿಯನ್ನು ಓದಿ 2017ರಲ್ಲಿ ವಿಜ್ಞಾನಿಗಳು ಹೇಳಿದ್ದು, ಅದು ಕುದುರೆಯ ಸಿಡುಬಿಗೆ ಬಹಳ ಹತ್ತಿರ ಎಂದು. ರೋಗ ಕುದುರೆಯಿಂದ ಹಸುವಿಗೆ ಬಂದಿರಬೇಕೆಂದು ಜೆನ್ನರನೂ ನಂಬಿದ್ದ. ಆರನೆಯ ಗವ್ಯ ಲಾಯದಿಂದ ಬಂದಿತ್ತೋ ಏನೋ!

ಜೆನ್ನರ್ ತಪ್ಪಿದ್ದು ಇನ್ನೊಂದು ಕಡೆ. ಒಮ್ಮೆ ಹಾಕಿಸಿದರೆ ಜೀವನಪೂರ್ತಿ ರಕ್ಷೆ ಎಂದು ಆತ ಸಾರಿದ. ಕೆಲವು ವರ್ಷಗಳಲ್ಲೇ ಲಸಿಕೆ ಹಾಕಿಸಿಕೊಂಡವರಿಗೂ ಸಿಡುಬು ಬಂತು. ಜರ್ಮನ್ ರಾಜ್ಯಗಳ ವೈದ್ಯರು ಇದನ್ನು ಮುಚ್ಚಿಡಲಿಲ್ಲ, ರಕ್ಷೆ ಕ್ಷೀಣಿಸುತ್ತದೆ, ಮತ್ತೆ ಹಾಕಿಸಬೇಕು ಎಂದರು. ಪ್ರಷ್ಯದ ಸೈನ್ಯದಲ್ಲಿ 1834ರಿಂದ ಮರುಲಸಿಕೆ ಬಂತು. ಇಂಗ್ಲೆಂಡು 1853ರಲ್ಲಿ ಶಿಶುಗಳಿಗೆ ಲಸಿಕೆಯನ್ನು ಕಡ್ಡಾಯ ಮಾಡಿ ದಂಡ ವಿಧಿಸಹೊರಟಾಗ ಜನ ತಿರುಗಿಬಿದ್ದರು. 1885ರಲ್ಲಿ ಲೆಸ್ಟರ್ ನಗರದಲ್ಲಿ ದೊಡ್ಡ ಮೆರವಣಿಗೆಯೇ ನಡೆಯಿತು.

ನಮ್ಮ ಕಡೆ ತೋಳಿನ ಸರಪಳಿ ಮುಗಿದದ್ದು ಕರುವಿನ ಚರ್ಮದ ಮೇಲೆ ಲಸಿಕೆ ಬೆಳೆಸುವ ವಿಧಾನ ಬಂದ ಮೇಲೆ. ಇದಕ್ಕೂ ಆಕ್ಷೇಪವಿತ್ತು, ಈ ಸಲ ಕರುವಿಗೆ ಹಿಂಸೆಯೆಂದು. ಬೆಂಗಳೂರಿನಲ್ಲಿ ಹೀಗೆ ಲಸಿಕೆ ತಯಾರಿಸುವ ಸಂಸ್ಥೆಯಲ್ಲಿ ದುಡಿದವರಲ್ಲಿ ಡಾ. ಪಲ್ಪು ಒಬ್ಬರು. 1863ರಲ್ಲಿ ತಿರುವನಂತಪುರದಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯ ಓದಿ ಬಂದ ಇವರಿಗೆ ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರು ಸಂಸ್ಥಾನ ಕೆಲಸ ಕೊಡಲಿಲ್ಲ, ಮೈಸೂರು ಕೊಟ್ಟಿತು. ಯಾವ ಜಾತಿಯ ತೋಳಿನ ರಸ ಎಂದು ಕೇಳುತ್ತಿದ್ದವರ ಮೊಮ್ಮಕ್ಕಳಿಗೆ ಪಲ್ಪು ಅವರ ಸಂಸ್ಥೆಯ ಲಸಿಕೆ ತಲುಪಿತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗಲೂ ಅವರು ರೋಗಿಗಳ ನಡುವೆ ನಿಂತು ದುಡಿದರು.

ಕೊನೆಯ ಅಂಕ ನಮ್ಮಲ್ಲಿ ಕೆಲವರು ಕಣ್ಣಾರೆ ಕಂಡದ್ದು. 1970ರ ದಶಕದಲ್ಲಿ ಆರೋಗ್ಯ ಕಾರ್ಯಕರ್ತರು ಸಿಡುಬಾದ ಮಗುವಿನ ಬಣ್ಣದ ಚಿತ್ರವಿದ್ದ ಕಾರ್ಡು ಹಿಡಿದು ಮನೆಮನೆಗೆ, ಶಾಲೆಗೆ, ಸಂತೆಗೆ ಹೋದರು. "ಇಂಥದ್ದು ಎಲ್ಲಾದರೂ ಕಂಡಿರಾ?" ಎಂದಷ್ಟೇ ಕೇಳಿದರು. ಸಿಡುಬಿನ ಗುಳ್ಳೆ ಮುಖ, ಕೈಕಾಲುಗಳಲ್ಲಿ ಒತ್ತಾಗಿ, ಅಂಗೈ ಅಂಗಾಲುಗಳಲ್ಲೂ ಏಳುತ್ತದೆ, ಎಲ್ಲವೂ ಒಂದೇ ಹದದಲ್ಲಿರುತ್ತವೆ. ಸೀತಾಳೆ ಸಿಡುಬು ಎದೆ, ಬೆನ್ನಿನ ಮೇಲೆ ಹೆಚ್ಚು, ಹೊಸತೂ ಹಳತೂ ಒಟ್ಟಿಗೇ ಕಾಣುತ್ತವೆ. ಅಕ್ಷರ ಬಾರದ ಅಜ್ಜಿಯರೂ ಈ ವ್ಯತ್ಯಾಸ ಕಲಿತರು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ ಮನೆ ಕಂಡರೆ ಒಳಗೆ ಅಮ್ಮ ಬಂದಿದ್ದಾಳೆಂದು ಹಳ್ಳಿಗೆ ಹಳ್ಳಿಗೇ ಗೊತ್ತಿತ್ತು. 1974ರಲ್ಲಿ ಬಿಹಾರದಲ್ಲಿ ಭೀಕರವಾಗಿ ಹರಡಿದ ರೋಗ ಮರುವರ್ಷ ಅಡಗಿತು. ದೇಶದ ಕೊನೆಯ ಪ್ರಕರಣ 1975ರ ಮೇ 24ರಂದು ಅಸ್ಸಾಮಿನ ಕರೀಂಗಂಜಿನಲ್ಲಿ ಪತ್ತೆಯಾಯಿತು. ಅದಾದ ಮೇಲೂ ಹುಡುಕಾಟ ನಿಲ್ಲಲಿಲ್ಲ. ಸಿಡುಬಿನ ರೋಗಿಯನ್ನು ತೋರಿಸಿದವರಿಗೆ ಸಾವಿರ ರೂಪಾಯಿ ಬಹುಮಾನವೆಂದು ಗೋಡೆಗೋಡೆಯ ಮೇಲೆ ಬರೆಸಿದರು. ಆ ಕಾಲಕ್ಕೆ ಅದು ದೊಡ್ಡ ಮೊತ್ತ. ಜನ ಸೀತಾಳೆ ಸಿಡುಬು, ದಡಾರ, ಕಜ್ಜಿ ಎಲ್ಲವನ್ನೂ ತೋರಿಸಿದರು. ಒಂದೂ ಸಿಡುಬಾಗಿರಲಿಲ್ಲ.